ಗಳಿಗೆ ಗಡಿಗೆ ಬರಿದಾಗುವವರೆಗೆ

ಜಾಡಿ ತೆರೆಯುವ ಹಬ್ಬದ ದಿನ, ಊರಿಗೆ ಊರೇ ಹೊಸ ದ್ರಾಕ್ಷಿರಸದ ಮುಚ್ಚಳ ಎತ್ತಿ ಮೂಸುತ್ತಿದ್ದ ಹೊತ್ತಿನಲ್ಲಿ, ಕುಂಬಾರರ ಮನೆಯ ಹಿರಿಮಗ ಮೆಲಂತ ಮೊದಲ ಸಲ ಮನೆ ಬಿಟ್ಟು ನಡೆದ.

ಎಲ್ಲಿಯ ಊರು, ಯಾವ ಕಾಲ ಅಂದರೆ ಕೇಳಿ. ಬಲು ಹಿಂದೆ, ಯವನರ ಕಡಲ ದಂಡೆಯಲ್ಲಿ ಕೆರಾಮಿಯ ಅನ್ನುವ ರಾಜ್ಯವಿತ್ತು. ರಾಜ್ಯವಿತ್ತು, ರಾಜನಿರಲಿಲ್ಲ. ಸಿಂಹಾಸನಕ್ಕೆಂದು ಕಡಿದ ಮರದಲ್ಲಿ ಅವರ ಅಜ್ಜಂದಿರು ಹಡಗು ಕಟ್ಟಿಕೊಂಡಿದ್ದರು. ಊರು ನಡೆಸುವ ಹಿರಿಯನನ್ನು ಅಲ್ಲಿ ಅವರೆಕಾಳು ಆರಿಸುತ್ತಿತ್ತು. ವರ್ಷಕ್ಕೊಮ್ಮೆ ಜಾಡಿ ಹಬ್ಬದಂದು ಗಡಿಗೆ ತುಂಬ ಕರಿ ಅವರೆ ಹಾಕಿ, ಅದರೊಳಗೆ ಒಂದೇ ಒಂದು ಬಿಳಿ ಅವರೆ ಬೆರೆಸಿ ಇಡುವರು. ಗಂಡಸರೆಲ್ಲ ಸಾಲಾಗಿ ಬಂದು ಕೈ ಹಾಕುವರು. ಬಿಳಿಕಾಳು ಬಂದವನೇ ಆ ವರ್ಷದ ಹಿರಿಯ. ಚಪ್ಪಲಿ ಹೊಲೆಯುವವನಾದರೂ ಸರಿ, ಹಡಗಿನ ಒಡೆಯನಾದರೂ ಸರಿ.

ಮಾತಿಗೂ ಅಲ್ಲಿ ಅಳತೆ ಇತ್ತು. ಗುಡ್ಡದ ಮೇಲೆ ಸಭೆ ಕೂಡಿದಾಗ ಸಾರುವವನು, "ಯಾರಿಗೆ ಮಾತಾಡುವುದಿದೆ?" ಎಂದು ಕೂಗುವನು. ಎದ್ದವನು ಮಾತಿನ ಕಲ್ಲು ಹತ್ತಬೇಕು. ಕಲ್ಲಿನ ಪಕ್ಕದಲ್ಲಿ ಗಳಿಗೆ ಗಡಿಗೆ, ಅಂದರೆ ಬುಡದಲ್ಲಿ ಸಣ್ಣ ತೂತಿನ ಮಣ್ಣಿನ ಗಡಿಗೆ. ಅದರ ನೀರು ಸೋರಿ ಮುಗಿಯುವವರೆಗೆ ಅವನ ಮಾತು. ನೀರು ಮುಗಿಯಿತೋ, ಬಾಯಿಯೂ ಮುಚ್ಚಬೇಕು. ಹೆಂಗಸರಿಗೆ ಮಾತ್ರ ಆ ಗುಡ್ಡದ ಮೇಲೆ ಬಾಯಿ ಇರಲಿಲ್ಲ. ಅವರು ಮಾಳಿಗೆಯ ಮೇಲೆ ನಿಂತು ನೋಡುವರು, ತಮಗೆ ಹೇಳಬೇಕಿದ್ದದ್ದನ್ನು ಗಂಡಸರು ಮನೆಗೆ ಬಂದ ಮೇಲೆ ಗಡಿಗೆ ಇಲ್ಲದೆಯೇ ಹೇಳುವರು.

ಇನ್ನೊಂದು ಪದ್ಧತಿ ಇತ್ತು. ಅದೇ ಈ ಕತೆಯ ಮುಳ್ಳು. ಯಾವನಾದರೂ ಊರಿಗಿಂತ ದೊಡ್ಡವನಾಗಿ ಬೆಳೆದು ನಾಳೆ ರಾಜನಾಗಿಬಿಟ್ಟಾನು ಅನ್ನಿಸಿದರೆ, ಚಳಿಗಾಲದಲ್ಲಿ ಬೋಕಿ ದಿನ ಮಾಡುವರು. ಒಡೆದ ಮಡಕೆಯ ಚೂರಿಗೆ ಬೋಕಿ ಅನ್ನುತ್ತೇವಲ್ಲ, ಅದನ್ನು ಆಯ್ದು ತಂದು, ಮೊಳೆಯಿಂದ ಒಂದು ಹೆಸರು ಗೀಚಿ, ಸಂತೆ ಬಯಲಲ್ಲಿ ಸುರಿಯುವರು. ಯಾರ ಹೆಸರಿನ ರಾಶಿ ದೊಡ್ಡದೋ ಅವನು ಹತ್ತು ವರ್ಷ ಊರು ಬಿಡಬೇಕು. ಬೈಗುಳವಿಲ್ಲ, ದಂಡವಿಲ್ಲ, ಮನೆ ತೋಟ ಅವನವೇ. ಕಾಲು ಮಾತ್ರ ಗಡಿಯ ಆಚೆ ಇರಬೇಕು.

ಮೆಲಂತನಿಗೆ ಒಬ್ಬ ತಮ್ಮ, ಹೆಸರು ಗ್ಲೌಕ. ಮೆಲಂತ ತಿಗರಿ ತಿರುಗಿಸಿದರೆ ಮಣ್ಣು ತಾನಾಗಿ ಎದ್ದು ನಿಲ್ಲುವುದು. ಗ್ಲೌಕನ ಜಾಡಿಗೆ ಯಾವಾಗಲೂ ಒಂದು ಕಡೆ ಸೊಂಟ ಸೊಟ್ಟ. ಆದರೂ ಜನ ಸೊಟ್ಟ ಜಾಡಿಯನ್ನೇ ಕೊಳ್ಳುವರು, ಯಾಕೆಂದರೆ ಗ್ಲೌಕ ಅವರ ಮಂಡಿ ನೋವು ವಿಚಾರಿಸುವನು, ಅವರ ಮೇಕೆಯ ಹೆಸರು ನೆನಪಿಡುವನು. ಪಂಜಿನ ಓಟದಲ್ಲಿ ಮೆಲಂತ ಮೊದಲು ಬಂದ. ಗ್ಲೌಕ ನಡುದಾರಿಯಲ್ಲಿ ಬಿದ್ದವನೊಬ್ಬನನ್ನು ಎಬ್ಬಿಸಲು ತನ್ನ ಪಂಜು ನೆಲಕ್ಕಿಟ್ಟು ಕಡೆಯವನಾಗಿ ಬಂದ. ಜನ ಹೆಗಲ ಮೇಲೆ ಹೊತ್ತದ್ದು ಕಡೆಯವನನ್ನು. ಗೆದ್ದವನು ಪಂಜು ಹಿಡಿದುಕೊಂಡು ನಿಂತೇ ಇದ್ದ.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ," ಎಂದು ಮೆಲಂತ ಗೊಣಗಿಕೊಳ್ಳುವನು. "ಕೆಸರು ನನ್ನ ಕೈಗೆ ತಪ್ಪಲಿಲ್ಲ. ಮೊಸರೆಲ್ಲ ಅವನ ಬಾಯಿಗೆ."

ಆ ಹಬ್ಬದ ದಿನ ಅಣ್ಣ ಮುಂದೆ, ತಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದರು. ಮೆಲಂತ ಕೈ ಹಾಕಿದ. ಬೆರಳಿಗೆ ಎರಡು ಕಾಳು ತಾಗಿದವು. ಒಂದನ್ನು ಬಿಟ್ಟು ಒಂದನ್ನು ಎತ್ತಿದ. ಕರಿ. ಹಿಂದೆಯೇ ಗ್ಲೌಕ ಕೈ ಹಾಕಿದ. ಬಿಳಿ. ತಾನು ಬಿಟ್ಟ ಕಾಳೇ ಅದು ಎಂದು ಮೆಲಂತನಿಗೆ ಅನುಮಾನವೇ ಉಳಿಯಲಿಲ್ಲ. ಮನೆಗೆ ಬಂದರೆ ಅವ್ವ ಮಿರ್ತೊ ಅಂಜೂರದ ರೊಟ್ಟಿ ಮುರಿಯುತ್ತಿದ್ದಳು. ಹಬ್ಬದ ರೊಟ್ಟಿಯ ಮೊದಲ ತುಂಡು ಹಿರಿಮಗನಿಗೆ, ಅದು ಆ ಮನೆಯ ವಾಡಿಕೆ. ಅವತ್ತು ಅವಳು ನಗುತ್ತ, ಇವತ್ತು ಊರಿಗೇ ಹಿರಿಯನಾದವನು ಮೊದಲು ತಿನ್ನಲಿ ಅಂದು ಗ್ಲೌಕನ ಕೈಗಿಟ್ಟಳು.

ಮೆಲಂತನ ಹೊಟ್ಟೆಯಲ್ಲಿ ಮಡಕೆ ಸುಡುವ ಆವಿಗೆಯೇ ಹೊತ್ತಿಕೊಂಡಿತು. ಎರಡನೇ ತುಂಡನ್ನು ಮುಟ್ಟದೆ ಎದ್ದು ಹೋದ.

ಹೋದ ಹೋದ, ರೇವಿನಿಂದ ರೇವಿಗೆ ಹೋದ. ಹಡಗಿನಲ್ಲಿ ಹುಟ್ಟು ಹಾಕಿದ, ಬೇರೆಯವರ ತೋಟದಲ್ಲಿ ಆಲಿವ್ ಉದುರಿಸಿದ. ಕಾಲಿಗೆ ದಾರಿ ರುಚಿಸಿತು, ಆದರೆ ಹೋದಲ್ಲೆಲ್ಲ ತಮ್ಮನ ಹೆಸರು ಅವನಿಗಿಂತ ಮುಂಚೆ ಬಂದು ಕೂತಿರುತ್ತಿತ್ತು. ಕೆರಾಮಿಯದವನಾ, ನಿಮ್ಮ ಹಿರಿಯ ಗ್ಲೌಕ ಬಹಳ ನ್ಯಾಯವಂತನಂತಲ್ಲ ಎಂದು ಗುರುತಿಲ್ಲದವರೂ ಕೇಳುವರು. ಕಡೆಗೆ ಯಾರೂ ಏನೂ ಕೇಳದ ಜಾಗ ಹುಡುಕಿಕೊಂಡು ಒಂದು ಪಾಳು ಕಲ್ಲುಗಣಿಗೆ ಬಂದ. ಅಲ್ಲಿ ಕಾಗೆ ಪುಕ್ಕದ ಕಂಬಳಿ ಹೊದ್ದು ಕೋರಾಕನೆಂಬ ಮಾಂತ್ರಿಕ ಕೂತಿದ್ದ.

"ನಿನ್ನ ಹೊಟ್ಟೆಯಿಂದ ಹೊಗೆ ಬರುತ್ತಿದೆಯಲ್ಲಪ್ಪ," ಅಂದ ಕೋರಾಕ. "ಒಳಗೆ ಯಾರನ್ನು ಸುಡುತ್ತಿದ್ದೀಯ?"

ಮೆಲಂತ ಹೇಳಿಕೊಂಡ. ಕೇಳುವವರು ಸಿಕ್ಕರೆ ಹೊಟ್ಟೆಕಿಚ್ಚಿಗೆ ನಾಲಿಗೆ ಉದ್ದ. ಎಲ್ಲ ಕೇಳಿ ಮಾಂತ್ರಿಕ ಒಂದು ಕಂಚಿನ ಮೊಳೆ ತೆಗೆದು ಕೊಟ್ಟ. ಬೋಕಿ ದಿನ ಇದರಿಂದ ಒಂದೇ ಚೂರಿನ ಮೇಲೆ ತಮ್ಮನ ಹೆಸರು ಗೀಚು, ಬಯಲಲ್ಲಿರುವ ಎಲ್ಲ ಚೂರಿನ ಮೇಲೂ ಅದೇ ಹೆಸರು ಮೂಡುತ್ತದೆ ಅಂದ. ಅದಕ್ಕೆ ಬದಲು ತನಗೇನೂ ಬೇಡ, ತಮ್ಮ ಎದ್ದುಹೋದ ಪೀಠ ಖಾಲಿ ಇರುತ್ತದಲ್ಲ, ಅದರ ಮೇಲೆ ಒಂದಿಷ್ಟು ಕೂರುತ್ತೇನೆ ಅಂದ.

"ಮಂತ್ರ ಹಾಕಿದ ಮೇಲೆ ಬಿಚ್ಚುವ ದಾರಿಯನ್ನೂ ಹೇಳಬೇಕು, ಅದು ನಮ್ಮ ಕಾಯಿದೆ. ಗೀಚಿದವನೇ, ಇಡೀ ಊರಿನ ಎದುರಿಗೆ, ಗೀಚಿಸಿಕೊಂಡವನ ಕಿವಿಗೆ ಬೀಳುವಂತೆ, ಗಳಿಗೆ ಗಡಿಗೆ ಬರಿದಾಗುವವರೆಗೆ ಅವನನ್ನು ಹೊಗಳಬೇಕು. ಹೊಗಳಿದ್ದು ನಿಜವಿರಬೇಕು. ಆಗ ಮಂತ್ರ ಕಳಚುತ್ತದೆ."

ಹೇಳಿ ಕೋರಾಕ ನಕ್ಕ. ಮೆಲಂತನೂ ನಕ್ಕ. ಆಗುವ ಮಾತೇ ಅಲ್ಲ ಎಂದು ಇಬ್ಬರಿಗೂ ಅನ್ನಿಸಿತ್ತು.

ಬೋಕಿ ದಿನಕ್ಕೆ ಮೆಲಂತ ಊರಿಗೆ ಬಂದ. ಗ್ಲೌಕ ಓಡಿಬಂದು ತಬ್ಬಿಕೊಂಡು, ಚಳಿ ಇದೆ ಅಂತ ತನ್ನ ಹೊದಿಕೆಯನ್ನೇ ಅಣ್ಣನಿಗೆ ಹೊದಿಸಿದ. ನೋಡಿದವರು, ಎಂಥ ತಮ್ಮ ಎಂಥ ತಮ್ಮ ಅಂದರು. ಆ ಹೊದಿಕೆಯೊಳಗೆ ಮೆಲಂತ ಇನ್ನೂ ಉರಿದ. ಆ ವರ್ಷ ಜನ ಒಬ್ಬ ಸೊಕ್ಕಿನ ಹಡಗಿನೊಡೆಯನ ಹೆಸರು ಗೀಚಲು ಬಂದಿದ್ದರು. ಮೆಲಂತ ಮೂಲೆಯಲ್ಲಿ ಕೂತು ಕಂಚಿನ ಮೊಳೆಯಿಂದ ಗ್ಲೌಕ ಎಂದು ಗೀಚಿ ಚೂರನ್ನು ರಾಶಿಗೆ ಎಸೆದ. ರಾಶಿ ಒಮ್ಮೆ ಮೈ ಕೊಡವಿದ ನಾಯಿಯ ಹಾಗೆ ಕದಲಿ ಸುಮ್ಮನಾಯಿತು. ಓದಿ ನೋಡಿದರೆ ಚೂರು ಚೂರಿಗೂ ಗ್ಲೌಕ. ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾನಂತೂ ಬರೆಯಲಿಲ್ಲ, ಪಕ್ಕದವನೇ ಬರೆದಿರಬೇಕು ಅಂದುಕೊಂಡು ಪ್ರತಿಯೊಬ್ಬನೂ ಬಾಯಿ ಮುಚ್ಚಿಕೊಂಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗ್ಲೌಕ ವಾದ ಮಾಡಲಿಲ್ಲ. ಬಗ್ಗಿ ಒಂದು ಚೂರನ್ನು ಎತ್ತಿ ನೋಡಿದ, ಅಣ್ಣನ ಮುಖ ನೋಡಿದ, ಚೂರನ್ನು ಅಂಗಿಯ ತುದಿಗೆ ಕಟ್ಟಿಕೊಂಡು ದೋಣಿ ಹತ್ತಿದ.

ದೋಣಿ ಮರೆಯಾಗುವುದಕ್ಕೂ ಆಕಾಶದಿಂದ ಒಂದು ಕಾಗೆ ಇಳಿದು ಹಿರಿಯನ ಪೀಠದ ಮೇಲೆ ಕೂರುವುದಕ್ಕೂ ಸರಿಹೋಯಿತು. ಕೂತ ಕಾಗೆ ಕೋರಾಕನಾಯಿತು. ತಲೆಯ ಮೇಲೆ ಕಿರೀಟವೂ ಇತ್ತು. ಸಾರುವವನು ರೂಢಿಯಂತೆ ಯಾರಿಗೆ ಮಾತಾಡುವುದಿದೆ ಎಂದು ಕೂಗಿದ. ಎದ್ದು ಕಲ್ಲು ಹತ್ತಿದವನ ನಾಲಿಗೆ ಮಣ್ಣಾಯಿತು. ಎರಡನೆಯವನು ಹತ್ತಿದ, ಅವನದೂ ಮಣ್ಣಾಯಿತು. ಮೂರನೆಯವನು ಏಳುವ ಮೊದಲೇ ಗುಡ್ಡದ ಮೇಲೆ ಮಾತಿನ ಹಕ್ಕಿದ್ದ ಎಲ್ಲರ ನಾಲಿಗೆಯೂ ಮಣ್ಣಾಯಿತು. ಅಂದಿನಿಂದ ನಾಟಕದ ಬಯಲಿನಲ್ಲಿ ಹಾಡುವ ಮೇಳವಿಲ್ಲ, ಸಂತೆಯಲ್ಲಿ ಚೌಕಾಸಿಯಿಲ್ಲ. ಕೋರಾಕ ಒಬ್ಬನೇ ಮಾತಾಡುವನು, ಊರು ತಲೆಯಾಡಿಸುವುದು. ಹೆಂಗಸರ ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಗುಡ್ಡದ ಮೇಲೆ ಹಕ್ಕೇ ಇಲ್ಲದವರನ್ನು ಊರಿನಂತೆ ಮಾಂತ್ರಿಕನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಳೆ ಹಿಡಿದವನೆಂದು ಮೆಲಂತನ ನಾಲಿಗೆಯೂ ಉಳಿಯಿತು.

ತಮ್ಮ ಹೋದನಲ್ಲ, ಇನ್ನು ತಣ್ಣಗಿರಬಹುದು ಅಂದುಕೊಂಡಿದ್ದ ಮೆಲಂತ. ಆದರೆ ಅವ್ವ ದಿನವೂ ಗ್ಲೌಕನ ತಟ್ಟೆ ಹಾಕಿ ಎತ್ತಿಡುವಳು. ಖಾಲಿ ತಟ್ಟೆಯ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಒಂದು ದಿನ ತಡೆಯಲಾರದೆ, ಇಲ್ಲದವನಿಗೆ ಯಾಕೆ ತಟ್ಟೆ ಎಂದು ಕೇಳಿಯೇಬಿಟ್ಟ.

"ಮಾಳಿಗೆ ಮೇಲಿಂದ ಎಲ್ಲ ಕಾಣುತ್ತೆ ಮಗನೇ," ಅಂದಳು ಮಿರ್ತೊ. "ನೀನು ಗೀಚಿ ಎಸೆದೆ, ಆಮೇಲೆ ರಾಶಿ ಕದಲಿತು. ಗಂಟು ಹಾಕಿದವನಿಗೆ ಬಿಚ್ಚುವುದೂ ಗೊತ್ತಿರುತ್ತೆ. ಹೋಗಿ ಬಿಚ್ಚು."

ಮೆಲಂತ ತಲೆ ತಗ್ಗಿಸಿ, ಬಿಚ್ಚುವ ದಾರಿ ಇದು ಎಂದು ಹೇಳಿದ. "ಅವನ ಹೊಗಳಿಕೆ ನನ್ನ ಬಾಯಲ್ಲಿ ಬರಲ್ಲ ಅವ್ವ."

"ಊರವರ ಬಾಯಲ್ಲಿ ಮಣ್ಣಿದೆ. ನಿನ್ನ ಬಾಯಲ್ಲಿ ಏನಿದೆ?"

ಮೆಲಂತ ಎದ್ದು ಚಪ್ಪಲಿ ಮೆಟ್ಟಿದ. ತಮ್ಮನನ್ನು ಕರೆತರಲು ಹೊರಟ.

ಗಡಿಯ ಸೇತುವೆಯ ಮೇಲೆ ಕೋರಾಕ ಒಂದು ಕಂಚಿನ ಗೂಳಿಯನ್ನು ಕಾವಲಿಟ್ಟಿದ್ದ. ಅದರ ಕೊರಳಿಗೆ ಮುಷ್ಟಿಯಷ್ಟು ಸಣ್ಣ ಗಳಿಗೆ ಗಡಿಗೆ. "ನೀರು ಮುಗಿಯುವವರೆಗೆ ಅವನ ಒಳ್ಳೆಯದು ಹೇಳು," ಅಂದಿತು ಗೂಳಿ. "ಸುಳ್ಳಾಡಿದರೆ ನೀರು ನಿಲ್ಲುತ್ತೆ. ನಾನು ನಿಲ್ಲಲ್ಲ."

ಮೆಲಂತ ಸುಲಭದ ದಾರಿ ಹಿಡಿದ. ನನ್ನ ತಮ್ಮ ಚಂದ್ರನಂಥವನು, ದೇವರಂಥವನು ಎಂದು ಶುರುಮಾಡಿದ. ತೂತಿನಿಂದ ಹೊರಟ ನೀರು ಗಾಳಿಯಲ್ಲೇ ನಿಂತುಬಿಟ್ಟಿತು. ಗೂಳಿ ಕೊಂಬು ತಗ್ಗಿಸಿ ಕಾಲು ಕೆರೆಯಿತು. ಮೆಲಂತ ಬೆವೆತು, ಪಂಜಿನ ಓಟದ ಮಾತು ತೆಗೆದ. ಬಿದ್ದವನನ್ನು ನಾನೂ ಕಂಡಿದ್ದೆ, ಹಾರಿ ಮುಂದೆ ಹೋದೆ, ಇವನು ನಿಂತ ಅಂದ. ನೀರು ಹರಿಯಿತು. ಅಷ್ಟೇ ಸಾಕಾಯಿತು, ಗಡಿಗೆ ಸಣ್ಣದಿತ್ತಲ್ಲ. ಗೂಳಿ ಪಕ್ಕಕ್ಕೆ ಸರಿಯಿತು.

ಮುಂದೆ ಕಡಲ ಕವಲು, ದೋಣಿ ಹತ್ತಿದ. ಅಲ್ಲಿ ಗುಡ್ಡದಂಥ ಒಂದು ಆಮೆ ದೋಣಿಗೆ ಅಡ್ಡ ಬಂತು. ಅದರ ಬೆನ್ನಿನ ಮೇಲೆ ತಲೆಯಷ್ಟು ದೊಡ್ಡ ಗಳಿಗೆ ಗಡಿಗೆ. "ನೀರು ಮುಗಿಯುವವರೆಗೆ ಅವನ ಒಳ್ಳೆಯದು ಹೇಳು," ಅಂದಿತು ಆಮೆ. "ಸುಳ್ಳಾಡಿದರೆ ನೀರು ನಿಲ್ಲುತ್ತೆ. ನಿನ್ನ ದೋಣಿ ಮುಳುಗುತ್ತೆ."

ಪಂಜಿನ ಓಟವನ್ನೇ ಮತ್ತೆ ಹೇಳಿದ, ನೀರು ಅರ್ಧಕ್ಕೂ ಇಳಿಯಲಿಲ್ಲ. ಆಗ ಹಲ್ಲು ಕಚ್ಚಿಕೊಂಡು ಓದು ಕಲಿಸುವ ಮಠದ ಮಾತು ತೆಗೆದ. ಚಿಕ್ಕವನಿದ್ದಾಗ ಮೆಲಂತ ಅಕ್ಷರದ ಕಾಟ ತಾಳಲಾರದೆ ಗೋಡೆ ಹಾರಿ ಓಡಿದ್ದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಓಡುವಾಗ ಗುರುಗಳ ಮೇಣದ ಹಲಗೆಯನ್ನು ತುಳಿದು ಮುರಿದಿದ್ದ. ಮುರಿದವನು ನಾನೇ ಅಂತ ಗ್ಲೌಕ ಮುಂದೆ ಬಂದು ಬೆತ್ತದೇಟು ತಿಂದ. ಮನೆಯಲ್ಲಿ ಬಾಸುಂಡೆ ಕಂಡು ಅವ್ವ ಕೇಳಿದರೆ, ಅಂಜೂರದ ಮರದಿಂದ ಬಿದ್ದೆ ಅಂದ. ಅದಾದ ಮೇಲೆ ಒಂದು ದಿನವೂ ಅಣ್ಣನ ಎದುರು ಆ ಮಾತು ಎತ್ತಲಿಲ್ಲ. ಇಷ್ಟು ಹೇಳುವುದರೊಳಗೆ ಗಡಿಗೆ ಬರಿದಾಯಿತು. ಆಮೆ ಮುಳುಗಿ ದಾರಿ ಬಿಟ್ಟಿತು.

ತಮ್ಮ ಸೇರಿಕೊಂಡಿದ್ದ ದ್ವೀಪಕ್ಕೆ ಬಂದು ನೋಡಿದರೆ ಗ್ಲೌಕ ಅಲ್ಲಿಯೂ ಸೊಟ್ಟ ಜಾಡಿ ಮಾಡುತ್ತಿದ್ದ, ದ್ವೀಪದವರು ಅಲ್ಲಿಯೂ ಸುತ್ತ ಕೂತು ತಮ್ಮ ಮಂಡಿ ನೋವು ಹೇಳಿಕೊಳ್ಳುತ್ತಿದ್ದರು. ಅಲ್ಲಿಯೂ, ಅಂದುಕೊಂಡ ಮೆಲಂತ. ಕಷ್ಟಪಟ್ಟು ಇಷ್ಟು ದೂರ ಬಂದವನ ಹೊಟ್ಟೆಕಿಚ್ಚು ಮತ್ತೆ ಹೊತ್ತಿತು. ಅಣ್ಣನನ್ನು ಕಂಡು ಗ್ಲೌಕ ಮಣ್ಣಿನ ಕೈಯಲ್ಲೇ ಎದ್ದು ಬಂದ. ಊರಿನ ಸ್ಥಿತಿಯನ್ನೆಲ್ಲ ಹೇಳಿ ಮೆಲಂತ, ಬಾ ಅಂದ.

"ಊರು ಹೆಸರು ಬರೆದು ಕಳಿಸಿದೆ ಅಣ್ಣ. ಅದು ಅಳಿಸದೆ ನಾನು ಅಲ್ಲಿ ಕಾಲಿಡುವ ಹಾಗಿಲ್ಲ. ನಾನೇ ಕಾಯಿದೆ ಮುರಿದರೆ ಕೋರಾಕನಿಗೂ ನನಗೂ ಏನು ವ್ಯತ್ಯಾಸ?"

"ಬರೆದದ್ದು ಊರಲ್ಲ," ಅಂದ ಮೆಲಂತ.

"ಗೊತ್ತು." ಗ್ಲೌಕ ಅಂಗಿಯ ಗಂಟು ಬಿಚ್ಚಿ ಚೂರನ್ನು ತೋರಿಸಿದ. "ಎಲ್ಲ ಚೂರಿನ ಮೇಲೂ ಒಂದೇ ಕೈ. ಆ ಕೈ ನನಗೆ ಗೊತ್ತಿಲ್ಲವಾ?"

ಗೊತ್ತಿದ್ದೂ ಸುಮ್ಮನೆ ದೋಣಿ ಹತ್ತಿದ್ದ. ಅವನು ಬೈದಿದ್ದರೆ, ಹೊಡೆದಿದ್ದರೆ ಮೆಲಂತನಿಗೆ ಎಷ್ಟೋ ಹಗುರಾಗುತ್ತಿತ್ತು. ಇದರಲ್ಲೂ ಇವನೇ ಗೆದ್ದನಲ್ಲ ಎಂದು ಮರಳುವ ದಾರಿಯುದ್ದಕ್ಕೂ ಹುಟ್ಟನ್ನು ನೀರಿಗೆ ಬಡಿದು ಬಡಿದು ಹಾಕಿದ. ರೇವಿನ ಹತ್ತಿರ ದೋಣಿಗೆ ಲಂಗರು ಹಾಕಿದರು. ಸಭೆಯ ಗುಡ್ಡ ಇದ್ದದ್ದು ಕಡಲ ಅಂಚಿನಲ್ಲೇ. ದೋಣಿಯಲ್ಲಿ ನಿಂತವನ ಕಾಲು ನೆಲ ಮುಟ್ಟುವುದಿಲ್ಲ, ಕಿವಿಗೆ ಮಾತು ಮುಟ್ಟುತ್ತದೆ. ಕಾಯಿದೆಯೂ ಉಳಿಯಿತು, ಕೇಳುವುದಕ್ಕೂ ಆಯಿತು.

ಮೆಲಂತ ಒಬ್ಬನೇ ಗುಡ್ಡ ಹತ್ತಿ ಮಾತಿನ ಕಲ್ಲಿನ ಮೇಲೆ ನಿಂತ. ಕೋರಾಕ ಇವನನ್ನು ಕಂಡು ನಕ್ಕು, ಊರಿನ ಅತಿ ದೊಡ್ಡ ಗಳಿಗೆ ಗಡಿಗೆ ತರಿಸಿ ಅಂಚಿನವರೆಗೆ ನೀರು ತುಂಬಿಸಿದ. ಅದನ್ನು ಮಾಡಿದವನು ಮೆಲಂತನೇ. ಇಂಥ ಸಣ್ಣ ತೂತು ಇನ್ನೊಬ್ಬ ಕೊರೆಯಲಾರ ಅಂತ ಅನ್ನಿಸಿಕೊಳ್ಳುವುದಕ್ಕೆ ಸೂಜಿಯ ಮೊನೆಯಷ್ಟೇ ಕೊರೆದಿದ್ದ. ಈಗ ತನ್ನ ಜಾಣತನಕ್ಕೆ ತಾನೇ ಬೈದುಕೊಂಡ. ಗಂಡಸರು ಮಣ್ಣಿನ ನಾಲಿಗೆ ಹೊತ್ತು ಕೂತಿದ್ದರು. ಮಾಳಿಗೆಗಳ ಮೇಲೆ ಹೆಂಗಸರು ಸಾಲುಗಟ್ಟಿದ್ದರು. ತೂತಿನ ಬೆಣೆ ತೆಗೆದರು, ನೀರು ದಾರದಂತೆ ಇಳಿಯತೊಡಗಿತು.

ಪಂಜಿನ ಓಟ ಹೇಳಿದ. ಬೆತ್ತದೇಟು ಹೇಳಿದ. ಮೇಕೆಗಳ ಹೆಸರು, ಸೊಟ್ಟ ಜಾಡಿ, ಹೊದಿಸಿದ ಹೊದಿಕೆ ಹೇಳಿದ. ಅಪ್ಪ ಸತ್ತ ವರ್ಷ ತನ್ನ ಪಾಲಿನ ರೊಟ್ಟಿ ಅಣ್ಣನ ತಟ್ಟೆಗೆ ಸರಿಸಿ, ನನಗೆ ಹಸಿವಿಲ್ಲ ಅಂದದ್ದನ್ನು ಹೇಳಿದ. ಗೀಚಿದ ಕೈ ಯಾವುದೆಂದು ಗೊತ್ತಿದ್ದೂ ಅಣ್ಣನ ಮಾನ ಕಾಯಲು ಊರು ಬಿಟ್ಟದ್ದನ್ನು ಹೇಳಿದ. ಒಂದೊಂದು ಮಾತೂ ಕಾಲಿನ ಮುಳ್ಳು ಕಿತ್ತ ಹಾಗೆ ನೋವು ಮಾಡಿಕೊಂಡೇ ಹೊರಬಂತು. ನೀರು ಇಳಿಯಿತು, ಇಳಿಯಿತು, ತಳದಲ್ಲಿ ಒಂದು ಬೊಗಸೆ ಉಳಿಯಿತು.

ಅಲ್ಲಿಗೆ ಮಾತು ಮುಗಿದುಹೋಯಿತು. ಹುಡುಕಿದ, ಇನ್ನೊಂದು ಸಿಗಲಿಲ್ಲ. ನನ್ನ ತಮ್ಮನ ಮೇಲೆ ನನಗೆ ಬಲು ಪ್ರೀತಿ ಅಂದ. ನೀರು ಗಾಳಿಯಲ್ಲಿ ನಿಂತಿತು. ಕೋರಾಕ ಕಿರೀಟ ಸರಿಮಾಡಿಕೊಂಡು ಎದ್ದ. ಮೆಲಂತನ ನಾಲಿಗೆಯ ತುದಿ ಮಣ್ಣಿನ ರುಚಿ ಕಂಡಿತು. ದೋಣಿಯಲ್ಲಿ ಗ್ಲೌಕ ತಲೆ ತಗ್ಗಿಸಿ ನಿಂತಿದ್ದ. ಆ ತಗ್ಗಿದ ತಲೆಯನ್ನು ನೋಡುತ್ತ ಮೆಲಂತ ಮೆಲ್ಲಗೆ ಅಂದ:

"ನನಗೆ ಇವನ ಮೇಲೆ ಹೊಟ್ಟೆಕಿಚ್ಚು. ಈಗಲೂ ಇದೆ. ಬರಿಗಡಿಗೆಯನ್ನು ಯಾರೂ ಕದಿಯಲ್ಲ. ಇವನಲ್ಲಿ ಇಲ್ಲದ್ದಕ್ಕೆ ನಾನು ಉರಿಯಲಿಲ್ಲ, ಇರುವುದಕ್ಕೆ ಉರಿದೆ. ನೀವೆಲ್ಲ ಇವನನ್ನು ಇಷ್ಟಪಟ್ಟಿರಿ, ಇಷ್ಟಪಟ್ಟು ಮರೆತಿರಿ. ಇವನ ಒಳ್ಳೆಯತನವನ್ನು ನನ್ನಷ್ಟು ಕಣ್ಣಿಟ್ಟು ಈ ಊರಲ್ಲಿ ಯಾರೂ ನೋಡಿಲ್ಲ. ಒಂದನ್ನೂ ನಾನು ಮರೆತಿಲ್ಲ."

ಗಾಳಿಯಲ್ಲಿ ನಿಂತಿದ್ದ ನೀರು ಕೆಳಗೆ ಬಿತ್ತು. ಬೊಗಸೆ ನೀರೂ ಹರಿದು ಗಡಿಗೆ ಬರಿದಾಯಿತು.

ಸಂತೆ ಬಯಲಿನ ಚೂರುಗಳ ಮೇಲಿನ ಗೀರುಗಳೆಲ್ಲ ಅಳಿಸಿಹೋದವು. ಗಂಡಸರ ಬಾಯಿಂದ ಮಣ್ಣು ಉದುರಿತು. ಬಾಯಿ ಬಂದ ಊರು ಆಡಿದ ಮೊದಲ ಮಾತು, "ಇಳಿ." ಎಲ್ಲರೂ ಒಟ್ಟಿಗೆ ಅಂದರು. ಮಾಳಿಗೆಯ ಮೇಲಿಂದಲೂ ಅದೇ ಮಾತು ಬಂತು. ಒಂದೊಂದು ಸಲ ಅಂದಾಗಲೂ ಕೋರಾಕ ಗೇಣು ಗೇಣು ಕುಗ್ಗಿದ, ಕಿರೀಟ ಕೊರಳಿಗೆ ಜಾರಿತು, ಕಡೆಗೆ ಕಾಗೆಯಾಗಿ ಕಿರೀಟದೊಳಗಿಂದ ನುಸುಳಿ ಹಾರಿದ. ಕಾಗೆಯಾಗಿಯೇ ಉಳಿದ. ಮೆಲಂತ ಕಂಚಿನ ಮೊಳೆಯನ್ನು ಆವಿಗೆಯಲ್ಲಿ ಹಾಕಿ ಕರಗಿಸಿದ. ಗ್ಲೌಕ ದೋಣಿಯಿಂದ ಇಳಿದು ನೆಲದ ಮೇಲೆ ಕಾಲಿಟ್ಟ.

ಮಾತು ಕಳೆದುಕೊಂಡ ಕಾಲದಲ್ಲಿ ಯಾರ ನಾಲಿಗೆ ಉಳಿದಿತ್ತು ಎಂದು ಊರಿಗೆ ನೆನಪಿತ್ತು. ಅಂದಿನಿಂದ ಹೆಂಗಸರೂ ಗುಡ್ಡ ಹತ್ತಿದರು, ಗಡಿಗೆ ಬಹಳ ಸಣ್ಣದಾಯಿತು ಎಂದು ಮೊದಲ ದಿನವೇ ದೂರು ಕೊಟ್ಟರು. ಮೇಳಗಳು ಮತ್ತೆ ಹಾಡಿದವು, ಸಂತೆಯಲ್ಲಿ ಮತ್ತೆ ಜಗಳ ಕೇಳಿಸಿತು. ಮೆಲಂತನನ್ನು ಊರು ಕ್ಷಮಿಸಿತು ಅನ್ನುವುದಕ್ಕಿಂತ, ಅವನ ಜಾಡಿಗಳನ್ನು ಮತ್ತೆ ಕೊಳ್ಳತೊಡಗಿತು ಅನ್ನಬೇಕು.

ಮತ್ತೆ ಜಾಡಿ ತೆರೆಯುವ ಹಬ್ಬ ಬಂತು. ಈ ಸಲ ಮೆಲಂತ ಬೇಕೆಂದೇ ತಮ್ಮನನ್ನು ಮುಂದೆ ಬಿಟ್ಟು ಹಿಂದೆ ನಿಂತ. ಗ್ಲೌಕ ಕೈ ಹಾಕಿ ತೆಗೆದ. ಬಿಳಿ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೆಲಂತನೂ ನಕ್ಕ. ನಗುತ್ತಿರುವಾಗಲೇ ಒಳಗೆ ಎಲ್ಲೋ ಒಂದು ಕಿಡಿ ಚಿಟ್ ಅಂದದ್ದು ಅವನಿಗೆ ಕೇಳಿಸಿತು.

ಮನೆಗೆ ಬಂದು ಜೋಳಿಗೆ ಇಳಿಸಿದ. ಎರಡು ಅಂಗಿ ಮಡಚಿಟ್ಟ, ತಿಗರಿಯ ಗೂಟ ಇಟ್ಟ. ಗ್ಲೌಕ ಬಾಗಿಲಲ್ಲಿ ಬಂದು ನಿಂತು, ಮತ್ತೆ ಯಾಕಣ್ಣ ಅಂದ.

"ಕಿಡಿ ಹಾರಿದೆ," ಅಂದ ಮೆಲಂತ. "ಇದು ಬೋಕಿ ರಾಶಿ ಕಾಣುವ ಮೊದಲು ಇದಕ್ಕೆ ಒಂದಿಷ್ಟು ದಾರಿ ತೋರಿಸಿಕೊಂಡು ಬರುತ್ತೇನೆ."

ಗ್ಲೌಕ ನಕ್ಕು, ಈ ಸಲ ಹೋದಲ್ಲಿ ಯಾರಾದರೂ ನನ್ನನ್ನು ಹೊಗಳಿದರೆ ಏನು ಮಾಡುತ್ತೀಯ ಎಂದು ಕೇಳಿದ. ನಿಮಗೆ ಅವನ ವಿಷಯ ಏನೂ ಗೊತ್ತಿಲ್ಲ, ನಾನು ಹೇಳುತ್ತೇನೆ ಕೇಳಿ ಅನ್ನುತ್ತೇನೆ, ಅಂದ ಮೆಲಂತ.

ಅವ್ವ ಅಂಜೂರದ ರೊಟ್ಟಿ ತಂದಳು. ಊರಿನ ಹಿರಿಯ ಕೈ ಚಾಚಿದ. ಅವಳು ಆ ಕೈಯನ್ನು ಸರಿಸಿ, ಮೊದಲ ತುಂಡನ್ನು ಎಲೆಯಲ್ಲಿ ಸುತ್ತಿ ಹಿರಿಮಗನ ಕೈಗಿಟ್ಟಳು. ಮೆಲಂತ ಅದನ್ನು ಮುಷ್ಟಿಯಷ್ಟಿದ್ದ ಒಂದು ಗಳಿಗೆ ಗಡಿಗೆಯೊಳಗೆ ಜೋಪಾನವಾಗಿಟ್ಟು, ಗಡಿಗೆಯನ್ನು ಜೋಳಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು, ಜೋಳಿಗೆಯ ಬಾಯಿ ಬಿಗಿದು ಕಟ್ಟಿದ.